ಮೊಣಕಾಲಿಗೆ ಕಟ್ಟಿದ ಸೇತುವೆ

ಆಟದ ರೈಲಿಗೆ ಸೇತುವೆ ಕಟ್ಟಹೊರಟವರು ಮೊದಲು ತೂಕ ಹಾಕಬೇಕಾದ್ದು ಮಗುವನ್ನು. ರೈಲಿನ ತೂಕ ಆಮೇಲೆ ನೋಡಿಕೊಂಡರೂ ನಡೆಯುತ್ತದೆ. ಎಂಜಿನ್ನು, ನಾಲ್ಕು ಡಬ್ಬಿ, ಡಬ್ಬಿಯೊಳಗೆ ತುಂಬಿದ ಕಡಲೆಬೀಜ ಎಲ್ಲ ಸೇರಿದರೂ 600 ಗ್ರಾಂ ದಾಟುವುದಿಲ್ಲ. ಅದನ್ನು ಓಡಿಸುವ ಯಜಮಾನ 18 ಕಿಲೋ ಇರುತ್ತಾನೆ. ರೈಲಿನ ಹಿಂದೆಯೇ ಮಂಡಿಯೂರಿಕೊಂಡು ಹೋಗುತ್ತಾನೆ. ಸೇತುವೆ ಬಂದಾಗ ರೈಲು ಮೇಲೆ ಹೋಗಬೇಕು, ಮಂಡಿ ಪಕ್ಕಕ್ಕೆ ಸರಿಯಬೇಕು ಎನ್ನುವ ನಿಯಮವನ್ನು ಅವನು ಒಪ್ಪಿರುವುದಿಲ್ಲ.

ನಾನು ಹೇಳುತ್ತಿರುವ ಯಜಮಾನ ನನ್ನ ಅಕ್ಕನ ಮಗ. ಇರುವುದು ನಾಸಿಕದ ಪಕ್ಕದ ದೇವಳಾಲಿ ಕ್ಯಾಂಪಿನಲ್ಲಿ. ಈಗ ಪಾಕಿಸ್ತಾನದಲ್ಲಿರುವ ಕಾಕುಲ್‌ನಲ್ಲಿದ್ದ ಸೇನೆಯ ಫಿರಂಗಿ ಶಾಲೆ ದೇಶ ವಿಭಜನೆಗೂ ಮೊದಲೇ ದೇವಳಾಲಿಗೆ ಬಂತು. ಅಂದಿನಿಂದ ಇದು ಸ್ಕೂಲ್ ಆಫ್ ಆರ್ಟಿಲರಿಯ ಊರು. ಫಿರಂಗಿ ದಳ ಸೇರಿದ ನಮ್ಮ ಕಡೆಯ ಹುಡುಗರೂ ತರಬೇತಿಗೆಂದು ಇಲ್ಲಿಗೆ ಬರುತ್ತಾರೆ. ಭಾವನೂ ಹಾಗೇ ಬಂದವರು. ಊರಿನ ಇನ್ನೊಂದು ಗುರುತು ರೈಲು. ಮುಂಬೈಯಿಂದ ಬರುವ ಮುಖ್ಯ ಮಾರ್ಗ ಕಸಾರಾದಲ್ಲಿ ಥಲ್ ಘಾಟಿ ಹತ್ತಿ, ಇಗತ್‌ಪುರಿ ದಾಟಿ, ದೇವಳಾಲಿಯ ಮೂಲಕ ನಾಸಿಕ್ ರೋಡಿಗೆ ಹೋಗುತ್ತದೆ. 2020ರ ಆಗಸ್ಟ್ 7ರಂದು ದೇಶದ ಮೊದಲ ಕಿಸಾನ್ ರೈಲು ಹೊರಟದ್ದೂ ಇಲ್ಲಿಂದಲೇ, ಬಿಹಾರದ ದಾನಾಪುರಕ್ಕೆ. ಇಂಥ ಊರಿನಲ್ಲಿ ಬೆಳೆಯುವ ಮಗು ರೈಲು ಬೇಕು ಎನ್ನುವುದರಲ್ಲಿ ಆಶ್ಚರ್ಯವಿಲ್ಲ. ರೈಲು ಬಂದ ಮೇಲೆ ಸೇತುವೆಯೂ ಬೇಕಾಯಿತು.

ಮರಕ್ಕೆ ಬರವಿಲ್ಲ. ಫೌಜಿಗಳ ಮನೆಯಲ್ಲಿ ವರ್ಗಾವಣೆಯ ಸಾಮಾನು ತುಂಬುವ ಪೆಟ್ಟಿಗೆಗಳು ಇದ್ದೇ ಇರುತ್ತವೆ. ಅಗ್ಗದ ಪೈನ್ ಮರ, ಗಂಟು ಜಾಸ್ತಿ, ಆದರೆ ಹಗುರ, ಗರಗಸಕ್ಕೆ ಸುಲಭ. ಒಂದು ಹಳೆಯ ಪೆಟ್ಟಿಗೆಯ ಹಲಗೆಯಿಂದ 20 ಮಿಲಿಮೀಟರ್ ಅಗಲ, 5 ಮಿಲಿಮೀಟರ್ ದಪ್ಪದ ಪಟ್ಟಿಗಳನ್ನು ಸೀಳಿಸಿಕೊಂಡು ಬನ್ನಿ. ಗಂಟಿಲ್ಲದವನ್ನು ಆರಿಸಿಕೊಳ್ಳಿ. ಗಂಟಿನ ಸುತ್ತ ಮರದ ನಾರು ನೇರವಾಗಿ ಹೋಗದೆ ಸುತ್ತಿಕೊಂಡು ಹೋಗುತ್ತದೆ. ಪಟ್ಟಿ ಮುರಿದರೆ ಬಹುಮಟ್ಟಿಗೆ ಅಲ್ಲೇ ಮುರಿಯುತ್ತದೆ.

ಈಗ ಎರಡು ಇಟ್ಟಿಗೆಗಳನ್ನು 45 ಸೆಂಟಿಮೀಟರ್ ದೂರದಲ್ಲಿಟ್ಟು ಅವುಗಳ ಮೇಲೆ ಒಂದು ಪಟ್ಟಿಯನ್ನು ಮಲಗಿಸಿ. ನಡುವೆ 600 ಗ್ರಾಂ ಭಾರ ಇಡಿ. ಪಟ್ಟಿ ಕಣ್ಣಿಗೆ ಕಾಣುವಂತೆ, ಹೆಚ್ಚುಕಡಿಮೆ ಐದೂವರೆ ಮಿಲಿಮೀಟರ್ ಬಾಗುತ್ತದೆ. ಅದೇ ಪಟ್ಟಿಯನ್ನು ಎತ್ತಿ ಅಂಚಿನ ಮೇಲೆ ನಿಲ್ಲಿಸಿ, ಮಗ್ಗುಲಿಗೆ ಬೀಳದಂತೆ ಹಿಡಿದುಕೊಂಡು ಅದೇ ಭಾರ ಇಡಿ. ಬಾಗು ಮಿಲಿಮೀಟರಿನ ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ, ಅಂದರೆ 16 ಪಟ್ಟು ಕಡಿಮೆ. ಮರ ಅದೇ, ತೂಕ ಅದೇ, ಬೆಲೆಯೂ ಅದೇ. ಬದಲಾದದ್ದು ಇಟ್ಟ ರೀತಿ.

ಲೆಕ್ಕ ಸರಳ. ತೊಲೆಯ ಬಿಗಿತ ಅದರ ಅಗಲಕ್ಕೆ ನೇರವಾಗಿ ಹೊಂದಿಕೊಂಡಿರುತ್ತದೆ, ಎತ್ತರಕ್ಕಾದರೋ ಘನದ ಪ್ರಮಾಣದಲ್ಲಿ. ಪಟ್ಟಿಯನ್ನು ನಿಲ್ಲಿಸಿದಾಗ ಎತ್ತರ ನಾಲ್ಕು ಪಟ್ಟಾಯಿತು; ನಾಲ್ಕರ ಘನ 64. ಅಗಲ ನಾಲ್ಕನೇ ಒಂದು ಭಾಗಕ್ಕೆ ಇಳಿಯಿತು. 64ನ್ನು 4ರಿಂದ ಭಾಗಿಸಿದರೆ 16. ಮುರಿಯದೆ ತಡೆಯುವ ಶಕ್ತಿ ಮಾತ್ರ 16 ಪಟ್ಟು ಏರುವುದಿಲ್ಲ, 4 ಪಟ್ಟು ಅಷ್ಟೇ. ಬಾಗದಿರುವುದು ಬೇರೆ, ಮುರಿಯದಿರುವುದು ಬೇರೆ ಎಂಬುದು ಇಲ್ಲಿ ಮೊದಲ ಸಲ ಬೆರಳಿಗೆ ಸಿಗುತ್ತದೆ. ಈ ‘ನಾಲ್ಕು ಪಟ್ಟು’ ಮೊದಲು ಹೇಳಿದವನು ಗೆಲಿಲಿಯೋ. ಗೃಹಬಂಧನದಲ್ಲಿದ್ದಾಗ ಬರೆದು 1638ರಲ್ಲಿ ಲೈಡನ್ನಿನಲ್ಲಿ ಅಚ್ಚಾದ ಅವನ ಕೊನೆಯ ಪುಸ್ತಕದಲ್ಲಿ, ಅಗಲವಾದ ಪಟ್ಟಿಯನ್ನು ಅಂಚಿನ ಮೇಲೆ ನಿಲ್ಲಿಸಿದರೆ ಅದರ ಬಲ ಅಗಲಕ್ಕೂ ದಪ್ಪಕ್ಕೂ ಇರುವ ಪ್ರಮಾಣದಲ್ಲಿ ಹೆಚ್ಚುತ್ತದೆ ಎಂದು ತೋರಿಸಿದ್ದಾನೆ. ತೊಲೆಯ ಒಳಗೆ ನಿಜಕ್ಕೂ ಏನು ನಡೆಯುತ್ತದೆ ಎಂಬ ಅವನ ಊಹೆ ಪೂರ್ತಿ ಸರಿಯಿರಲಿಲ್ಲ. ಇಡೀ ಅಡ್ಡಕೊಯ್ತವೂ ಎಳೆತಕ್ಕೆ ಸಿಕ್ಕುತ್ತದೆ ಎಂದುಕೊಂಡಿದ್ದ. ಆದರೂ ಅನುಪಾತ ಸರಿಯಾಗಿಯೇ ಬಂತು.

ನಿಜಕ್ಕೂ ನಡೆಯುವುದು ಇಷ್ಟು. ತೊಲೆ ಬಾಗಿದಾಗ ಅದರ ಮೇಲ್ಮೈ ಒತ್ತಿಕೊಳ್ಳುತ್ತದೆ, ಕೆಳಮೈ ಹಿಗ್ಗುತ್ತದೆ, ನಡುಮಧ್ಯದ ಮರಕ್ಕೆ ಹೆಚ್ಚು ಕೆಲಸವೇ ಇಲ್ಲ. ದುಡಿಯುವುದೆಲ್ಲ ಅಂಚುಗಳು. ಮಲೆನಾಡಿನಲ್ಲೂ ಕರಾವಳಿಯಲ್ಲೂ ಹಳ್ಳಕ್ಕೆ ಕಾಲುಸಂಕ ಹಾಕುವವರು ಅಡಿಕೆ ಮರವನ್ನೇ ಹುಡುಕುವುದರ ಹಿಂದೆ ಇದೇ ಗುಟ್ಟಿದೆ. ಅಡಿಕೆ ಮರವನ್ನು ಕಡಿದು ನೋಡಿ. ಹೊರಸುತ್ತಿನಲ್ಲಿ ಕಪ್ಪುಗಟ್ಟಿದ ಗಟ್ಟಿ ನಾರು, ಒಳಗೆ ಉಗುರಿನಿಂದಲೇ ಕೆದರಬಹುದಾದ ಮೆತ್ತನೆಯ ತಿರುಳು. ಗಾಳಿಗೆ ಬಾಗಿ ನಿಲ್ಲಬೇಕಾದ ಸಪೂರ ಮರ ತನ್ನ ಗಟ್ಟಿತನವನ್ನೆಲ್ಲ ಎಲ್ಲಿ ಬೇಕೋ ಅಲ್ಲಿ ಇಟ್ಟುಕೊಂಡಿದೆ. ತಿರುಳು ಕೆತ್ತಿ ತೆಗೆದ ದಬ್ಬೆಯೂ ಸಂಕಕ್ಕೆ ಬರುತ್ತದೆ. ಮಳೆಗಾಲ ಕಳೆಯುವಷ್ಟರಲ್ಲಿ ಸಂಕ ಕೊಳೆಯುತ್ತದೆ ಎನ್ನುವುದು ಬೇರೆ ಮಾತು. ಆ ಸಂಕಟಕ್ಕೆ ಪರಿಹಾರವಾಗಿಯೇ ಸುಳ್ಯದ ಗಿರೀಶ್ ಭಾರದ್ವಾಜ್ 1989ರಲ್ಲಿ ಅರಂಬೂರಿನಲ್ಲಿ ಪಯಸ್ವಿನಿಗೆ ಮೊದಲ ತೂಗುಸೇತುವೆ ಹಾಕಿದ್ದು, ಆಮೇಲೆ ಊರೂರಿಗೆ ಹಾಕುತ್ತ ಹೋದದ್ದು.

ಮಂಡಿಯ ವಿಷಯಕ್ಕೆ ಬರೋಣ. ಮಗುವಿನ ತೂಕದಲ್ಲಿ 15 ಕಿಲೋ ಒಂದೇ ಮಂಡಿಯ ಮೂಲಕ ಸೇತುವೆಯ ನಡುವಿಗೆ ಬಂತೆಂದುಕೊಳ್ಳಿ. ಮಲಗಿಸಿದ ಒಂಟಿ ಪಟ್ಟಿಯಲ್ಲಿ ಪ್ರತಿ ಚದರ ಮಿಲಿಮೀಟರಿಗೆ ಸುಮಾರು 200 ನ್ಯೂಟನ್ ಒತ್ತಡ ಹುಟ್ಟುತ್ತದೆ. ಗಂಟಿಲ್ಲದ ಒಳ್ಳೆಯ ಪೈನ್ ಕೂಡ ಅದರ ಅರ್ಧ ಮುಟ್ಟುವ ಮೊದಲೇ ಮುರಿಯುತ್ತದೆ. ಅಂಚಿನ ಮೇಲೆ ನಿಲ್ಲಿಸಿದ ಒಂದೇ ಪಟ್ಟಿಯಾದರೆ 50. ಉಳಿದರೂ ಉಳಿಯಬಹುದು, ನಂಬಿಕೆ ಸಾಲದು. ನಿಲ್ಲಿಸಿದ ಎರಡು ಪಟ್ಟಿಗಳು ಭಾರ ಹಂಚಿಕೊಂಡರೆ ತಲಾ 25. ಇಲ್ಲಿಗೆ ಸೇತುವೆಯ ವಿನ್ಯಾಸ ಮುಗಿಯಿತು: ಅಂಚಿನ ಮೇಲೆ ನಿಂತ ಎರಡು ಪಟ್ಟಿ, ಅವುಗಳ ಮೇಲೆ ಹಳಿ ಕೂರಲು ಅಡ್ಡಡ್ಡ ತುಂಡುಗಳು. ರೈಲಿಗೆ ಇದರ ಕಾಲುಭಾಗ ಸಾಕಿತ್ತು.

ದೊಡ್ಡ ಸೇತುವೆಗಳ ಕಥೆಯೂ ಇದೇ. ಮೇಲೆ ಓಡುವ ರೈಲಿನ ತೂಕ ಎಲ್ಲರಿಗೂ ಗೊತ್ತಿರುತ್ತದೆ, ಅದಕ್ಕೆ ಲೆಕ್ಕವೂ ಇರುತ್ತದೆ. ಸೇತುವೆಯನ್ನು ಕಾಡುವುದು ಬೇರೆ ದಿಕ್ಕಿನಿಂದ ಬರುವ ಬಲಗಳು. ಬ್ರೇಕ್ ಹಾಕಿದಾಗ ರೈಲು ಸೇತುವೆಯನ್ನು ಉದ್ದಕ್ಕೆ ತಳ್ಳುತ್ತದೆ, ತಿರುವಿನಲ್ಲಿ ಹೊರಕ್ಕೆ ತಳ್ಳುತ್ತದೆ, ಗಾಳಿ ಮಗ್ಗುಲಿಗೆ ತಳ್ಳುತ್ತದೆ. ಸ್ಕಾಟ್ಲೆಂಡಿನ ಟೇ ಸೇತುವೆ 1879ರ ಡಿಸೆಂಬರ್ 28ರ ರಾತ್ರಿ ಬಿರುಗಾಳಿಗೆ ಸಿಕ್ಕಿ, ಮೇಲಿದ್ದ ರೈಲಿನ ಸಮೇತ ನದಿಗೆ ಬಿತ್ತು. ಸುಮಾರು 75 ಜನ ಸತ್ತರು. ಅದನ್ನು ವಿನ್ಯಾಸ ಮಾಡಿದ ಎಂಜಿನಿಯರ್ ಗಾಳಿಯ ಒತ್ತಡಕ್ಕೆಂದು ಪ್ರತ್ಯೇಕವಾಗಿ ಏನನ್ನೂ ಕೂಡಿಸಿರಲಿಲ್ಲ ಎಂಬುದು ವಿಚಾರಣೆಯಲ್ಲಿ ಹೊರಬಿತ್ತು. ನಮ್ಮ ರೈಲ್ವೆಗೆ ಲಖನೌದಲ್ಲಿರುವ ಅದರ ಸಂಶೋಧನಾ ಸಂಸ್ಥೆ ಆರ್‌ಡಿಎಸ್‌ಒ ಹೊರತರುವ ‘ಬ್ರಿಡ್ಜ್ ರೂಲ್ಸ್’ನಲ್ಲಿ ಇಂಥ ಅಡ್ಡಬಲಗಳಿಗೆಲ್ಲ ಜಾಗವಿದೆ.

ಆಟದ ಸೇತುವೆಗೆ ಗಾಳಿಯೆಂದರೆ ಮೊಣಕೈ. 12 ಸೆಂಟಿಮೀಟರ್ ಎತ್ತರದ ಕಂಬ, ಬುಡದ ಅಗಲ 7, ಕಂಬವೂ ಅದರ ಪಾಲಿನ ಸೇತುವೆಯೂ ಸೇರಿ 400 ಗ್ರಾಂ ಎಂದಿಟ್ಟುಕೊಳ್ಳಿ. ಮೇಲ್ತುದಿಯಲ್ಲಿ 115 ಗ್ರಾಮಿನಷ್ಟು ಬಲ ಅಡ್ಡಕ್ಕೆ ಬಂದರೆ ಸಾಕು, ಮಗುಚುತ್ತದೆ. ಕಾಲುಗಳನ್ನು ಅಗಲಿಸಿ ಬುಡವನ್ನು 16 ಸೆಂಟಿಮೀಟರ್ ಮಾಡಿದರೆ 265 ಗ್ರಾಂ ಬೇಕಾಗುತ್ತದೆ. ಅಮೆರಿಕದ ಹಳೆಯ ಮರದ ರೈಲು ಸೇತುವೆಗಳ ಚಿತ್ರ ನೋಡಿದವರಿಗೆ ಕೆಳಕ್ಕೆ ಹೋದಂತೆ ಅಗಲವಾಗುವ ಆ ಕಾಲುಗಳ ನೆನಪಾಗಬಹುದು. ಮಗುವಿನ ಮೊಣಕೈಗೆ 265 ಕೂಡ ಯಾವ ಲೆಕ್ಕ! ಕಂಬಗಳ ಅಡಿಗೆ ಒಂದು ಉದ್ದನೆಯ ಹಲಗೆ ಹಾಕಿ ಅದಕ್ಕೆ ಸ್ಕ್ರೂ ಹೊಡೆಯುವುದೇ ಸರಿಯಾದ ದಾರಿ. ಅಡಿಹಲಗೆಯನ್ನು ನದಿಯೆಂದು ನೀಲಿ ಬಳಿದುಕೊಂಡರಾಯಿತು.

“ಮಾಮಾ, ಇದರಲ್ಲಿ ತ್ರಿಕೋನ ಎಲ್ಲಿ?” ಎಂದು ಕೇಳಿದ ಹುಡುಗ. ನ್ಯಾಯವಾದ ಪ್ರಶ್ನೆ. ರೈಲು ಸೇತುವೆ ಎಂದರೆ ಮಕ್ಕಳ ಮನಸ್ಸಿನಲ್ಲಿ ಇಕ್ಕೆಲದಲ್ಲೂ ತ್ರಿಕೋನಗಳ ಸಾಲು. 45 ಸೆಂಟಿಮೀಟರಿಗೆ ತ್ರಿಕೋನ ಬೇಡವೇ ಬೇಡ, ಆದರೆ ಅದನ್ನು ಬಾಯಲ್ಲಿ ಹೇಳಿ ಮುಗಿಸುವುದಕ್ಕಿಂತ ಒಂದು ಪ್ರಯೋಗ ಮಾಡಿಸುವುದು ಮೇಲು. ನನ್ನ ಮಟ್ಟಿಗೆ ಇಡೀ ಕೆಲಸದಲ್ಲಿ ಅತ್ಯಂತ ಚೆಂದದ ಭಾಗ ಇದೇ.

15 ಸೆಂಟಿಮೀಟರಿನ ಮೂರು ಕಡ್ಡಿಗಳನ್ನು ಸಾಲಾಗಿ ಜೋಡಿಸಿ. ಪ್ರತಿ ಸಂದಿಗೂ ಒಂದೇ ಮೊಳೆ. ಕಡ್ಡಿಗಳು ಮೊಳೆಯ ಸುತ್ತ ತಿರುಗುವಂತಿರಬೇಕು. ಇದು ಸೇತುವೆಯ ಕೆಳಸಾಲು. ನಡುವಿನ ಕಡ್ಡಿಯ ಎರಡೂ ತುದಿಗಳಿಂದ ಮೇಲಕ್ಕೆ ಒಂದೊಂದು ಗೂಟ, ಗೂಟಗಳ ತಲೆಗಳನ್ನು ಕೂಡಿಸಿ ಮೇಲೊಂದು ಅಡ್ಡಕಡ್ಡಿ, ಸೇತುವೆಯ ಎರಡು ಕೊನೆಗಳಿಂದ ಗೂಟದ ತಲೆಗಳಿಗೆ ಓರೆಯಾಗಿ ಒಂದೊಂದು ಕಡ್ಡಿ. ಹೀಗೆ ಎರಡು ಚೌಕಟ್ಟು ಮಾಡಿ, ಅಡ್ಡತುಂಡುಗಳಿಂದ ಕೂಡಿಸಿ. ಎರಡು ಪಕ್ಕದಲ್ಲಿ ತ್ರಿಕೋನಗಳು, ನಡುವೆ ಒಂದು ಖಾಲಿ ಆಯತ. ಹಂಚಿನ ಮಾಡು ಹೊರುವ ಮರದ ಚೌಕಟ್ಟುಗಳಲ್ಲಿ ಈ ಆಕಾರ ನೀವು ನೋಡಿಯೇ ಇರುತ್ತೀರಿ. ಮಾಡಿನ ಭಾರ ಎರಡೂ ಕಡೆ ಸಮವಾಗಿ ಕೂತಿರುವುದರಿಂದ ಅಲ್ಲಿ ಖಾಲಿ ಆಯತ ತಂಟೆ ಮಾಡುವುದಿಲ್ಲ.

ರೈಲು ಹಾಗೆ ಸಮವಾಗಿ ಕೂರುವ ಜಾತಿಯಲ್ಲ. ಎಂಜಿನ್ನನ್ನು ಎಡಗಡೆಯ ಗೂಟದ ಬುಡಕ್ಕೆ ತಂದು ನಿಲ್ಲಿಸಿದೊಡನೆ ಆ ಕಡೆ ಕುಸಿದು, ಆಯತ ಓರೆಯಾಗಿ, ಇಡೀ ಚೌಕಟ್ಟು ವಾಲುತ್ತದೆ. ನಾಲ್ಕು ಕಡ್ಡಿಯ ಆಕಾರಕ್ಕೆ ತನ್ನದೇ ಆದ ಹಟವಿಲ್ಲ, ಯಾರು ತಳ್ಳಿದರೂ ಒಪ್ಪಿಕೊಳ್ಳುತ್ತದೆ. ಮೂರು ಕಡ್ಡಿಯ ತ್ರಿಕೋನವನ್ನು ಕಡ್ಡಿ ಮುರಿಯದೆ, ಸಂದು ಬಿಡಿಸದೆ ಓರೆ ಮಾಡಲಾಗದು. ಆಯತದ ಮೂಲೆಯಿಂದ ಮೂಲೆಗೆ ಏನಾದರೂ ಕಟ್ಟಬೇಕು. ಕಡ್ಡಿ ಬೇಡ, ಎರಡು ಹೊಲಿಗೆ ದಾರಗಳನ್ನು ಅಡ್ಡಡ್ಡ, ಗುಣಾಕಾರ ಚಿಹ್ನೆಯ ಹಾಗೆ ಕಟ್ಟಿ. ತೀರಾ ಬಿಗಿಯೂ ಅಲ್ಲ, ಸಡಿಲವೂ ಅಲ್ಲ.

ಈಗ ಎಂಜಿನ್ನನ್ನು ಮೆಲ್ಲಗೆ ನಡೆಸಿ, ದಾರಗಳನ್ನು ಬೆರಳ ತುದಿಯಿಂದ ಮೀಟುತ್ತ ಇರಿ. ಎಂಜಿನ್ ಎಡಗೂಟದ ಬಳಿ ಇರುವಾಗ, ಆ ಗೂಟದ ಬುಡದಿಂದ ಹೊರಟು ಬಲಗೂಟದ ತಲೆಗೆ ಹೋಗುವ ದಾರ ಬಿಗಿಯಾಗಿ ಮಿಡಿಯುತ್ತದೆ, ಇನ್ನೊಂದು ಜೋಲುತ್ತದೆ. ಎಂಜಿನ್ ನಡುವಿನ ಕಡ್ಡಿ ದಾಟಿ ಬಲಗೂಟದ ಬಳಿ ಬಂದಿತೋ, ಪಾತ್ರಗಳು ಅದಲುಬದಲು. ಬಿಗಿಯಾಗಿದ್ದದ್ದು ಜೋಲುತ್ತದೆ, ಜೋಲುತ್ತಿದ್ದದ್ದು ಎಳೆಯುತ್ತದೆ. ದಾರ ಎಳೆತವನ್ನು ಮಾತ್ರ ತಡೆಯಬಲ್ಲದು, ಒತ್ತಿದರೆ ಮುದುಡುತ್ತದೆ. ಆದ್ದರಿಂದಲೇ ಸೇತುವೆಯ ಒಳಗಿನ ಬಲ ದಿಕ್ಕು ಬದಲಿಸಿದ್ದನ್ನು ಯಾವ ಉಪಕರಣವೂ ಇಲ್ಲದೆ ತೋರಿಸಿಬಿಡುತ್ತದೆ. ಒಂದೇ ದಾರ ಕಟ್ಟಿದ್ದರೆ ಸೇತುವೆ ಅರ್ಧ ದಾರಿಯವರೆಗೆ ಗಟ್ಟಿ, ಆಮೇಲೆ ಕುಸಿತ. ಲಂಡನ್ನಿನಲ್ಲಿ ಜೇಮ್ಸ್ ವಾರೆನ್ ಮತ್ತು ವಿಲ್ಲೋಬಿ ಮೊಂಜಾನಿ 1848ರಲ್ಲಿ ಪೇಟೆಂಟ್ ಪಡೆದ ತ್ರಿಕೋನಗಳ ಗರ್ಡರಿನಲ್ಲಿ ಒಂದೇ ಓರೆಪಟ್ಟಿ ಎರಡೂ ಕೆಲಸ ಮಾಡಬೇಕು. ನಡುಭಾಗದ ಪಟ್ಟಿಗಳು ಪ್ರತಿ ರೈಲಿಗೂ ಒಮ್ಮೆ ಎಳೆಸಿಕೊಂಡು ಒಮ್ಮೆ ಒತ್ತಿಸಿಕೊಳ್ಳುತ್ತವೆ. ಈ ಹಿಂದೆಮುಂದೆಯ ಬಲಗಳಿಂದ ಲೋಹ ದಣಿಯುತ್ತದೆ, ವರ್ಷಾನುಗಟ್ಟಲೆ ಸಹಿಸಿ ಒಂದು ದಿನ ಸಣ್ಣ ಬಿರುಕು ಬಿಡುತ್ತದೆ.

ಹಾಗಾದರೆ ದೊಡ್ಡವರಿಗೇಕೆ ತ್ರಿಕೋನ, ನಮಗೇಕೆ ಬೇಡ? ಉತ್ತರ ಮತ್ತೆ ಗೆಲಿಲಿಯೋನ ಅದೇ ಪುಸ್ತಕದಲ್ಲಿದೆ. ಮಲಗಿಸಿದ ನಮ್ಮ ಪಟ್ಟಿ ತನ್ನ ಸ್ವಂತ ತೂಕಕ್ಕೇ ಎಷ್ಟು ಬಾಗುತ್ತದೆ? ಮಿಲಿಮೀಟರಿನ ಎಂಟನೇ ಒಂದು ಭಾಗ, ಕಣ್ಣಿಗೆ ಕಾಣದು. ಎಲ್ಲ ಅಳತೆಗಳನ್ನೂ 100 ಪಟ್ಟು ಮಾಡಿ. 45 ಮೀಟರ್ ಉದ್ದ, 2 ಮೀಟರ್ ಅಗಲ, ಅರ್ಧ ಮೀಟರ್ ದಪ್ಪದ ಅದೇ ಪೈನ್ ಹಲಗೆ. ತೂಕ ಹತ್ತು ಲಕ್ಷ ಪಟ್ಟಾಗುತ್ತದೆ, ಅಡ್ಡಕೊಯ್ತದ ವಿಸ್ತೀರ್ಣ ಹತ್ತು ಸಾವಿರ ಪಟ್ಟು ಮಾತ್ರ. ಒಳಗಿನ ಒತ್ತಡ 100 ಪಟ್ಟು, ಬಾಗು 10,000 ಪಟ್ಟು. ರೈಲು ಬರುವ ಮೊದಲೇ ಹಲಗೆ ಒಂದೂಕಾಲು ಮೀಟರ್ ಜೋತುಬಿದ್ದಿರುತ್ತದೆ. ದೊಡ್ಡ ಸೇತುವೆಗೆ ಮೊದಲ ಹೊರೆ ತನ್ನದೇ ಮೈ. ಆದ್ದರಿಂದ ಕೆಲಸವಿಲ್ಲದ ನಡುಮಧ್ಯದ ಸಾಮಗ್ರಿಯನ್ನೆಲ್ಲ ತೆಗೆದುಹಾಕಿ, ಮೇಲೊಂದು ಸಾಲು, ಕೆಳಗೊಂದು ಸಾಲು, ನಡುವೆ ಆಕಾರ ಕೆಡದಂತೆ ಓರೆಪಟ್ಟಿ ಇಷ್ಟನ್ನೇ ಉಳಿಸಿಕೊಳ್ಳುತ್ತಾರೆ. ದಾರದ ಆಟವೂ ಇಲ್ಲಿ ಬದಲಾಗುತ್ತದೆ. ಆಟದ ಸೇತುವೆ ಹಗುರವಾದ್ದರಿಂದ ರೈಲು ಹೇಳಿದ ಹಾಗೆ ಒಳಬಲಗಳು ತಿರುಗಿಬೀಳುತ್ತವೆ. ದೊಡ್ಡ ಸೇತುವೆಯಲ್ಲಿ ಕೊನೆಗಳ ಹತ್ತಿರದ ಪಟ್ಟಿಗಳನ್ನು ಸ್ವಂತ ತೂಕವೇ ಸದಾ ಒಂದೇ ದಿಕ್ಕಿಗೆ ಎಳೆದಿಟ್ಟಿರುತ್ತದೆ; ದಿಕ್ಕು ಬದಲಾಗುವುದು ನಡುವಿನ ಕೆಲವಕ್ಕಷ್ಟೇ. ಪುಟ್ಟ ಮಾದರಿ ಮಾಡಿ ಮುರಿದು ನೋಡಿ ‘ನಮ್ಮದು ಗಟ್ಟಿ’ ಎಂದು ಬೀಗುವ ಸ್ಪರ್ಧೆಗಳು ಎಂಜಿನಿಯರಿಂಗ್ ಕಾಲೇಜುಗಳಲ್ಲಿ ನಡೆಯುತ್ತಿರುತ್ತವೆ. ಆಕಾರದ ಪಾಠ ಅವುಗಳಿಂದ ಚೆನ್ನಾಗಿಯೇ ಸಿಗುತ್ತದೆ, ಗಾತ್ರದ ಪಾಠ ಸಿಗುವುದಿಲ್ಲ.

ನಿಜವಾದ ದೊಡ್ಡ ಸೇತುವೆ ನೋಡಬೇಕೆಂದರೆ ಕಸಾರಾ ಮತ್ತು ಇಗತ್‌ಪುರಿಯ ನಡುವೆ ಏಹೆಗಾಂವ್ ಸೇತುವೆ ಇದೆ. ಕೊರಕಲಿನ ತಳದಿಂದ 182 ಅಡಿ ಎತ್ತರ. ಜಿ.ಐ.ಪಿ. ರೈಲ್ವೆ ಇಗತ್‌ಪುರಿಯವರೆಗಿನ ಮಾರ್ಗವನ್ನು 1865ರಲ್ಲಿ ತೆರೆಯಿತು. ಸಹ್ಯಾದ್ರಿಯ ಮಳೆ, ಗೆದ್ದಲು ಎರಡನ್ನೂ ಬಲ್ಲವರು ಅಲ್ಲಿ ಮರವನ್ನು ನಂಬಲಾರರು. ಮರ ಉಳಿದದ್ದು ಹಳಿಯ ಕೆಳಗೆ, ಸ್ಲೀಪರುಗಳಾಗಿ. ಇಂಗ್ಲೆಂಡಿನ ಕಾರ್ನ್‌ವಾಲಿನಲ್ಲಿ ಎಂಜಿನಿಯರ್ ಬ್ರೂನೆಲ್ ಮಾತ್ರ ಹತ್ತೊಂಬತ್ತನೇ ಶತಮಾನದ ನಡುವಿನಲ್ಲಿ ಸಾಲುಸಾಲಾಗಿ ಮರದ ರೈಲು ಸೇತುವೆಗಳನ್ನು ಕಟ್ಟಿದ. ಮರ ಕೊಳೆಯುತ್ತದೆ ಎಂದು ಅವನಿಗೂ ಗೊತ್ತಿತ್ತು. ಅದಕ್ಕೇ ಯಾವ ಒಂದು ತೊಲೆಯನ್ನಾದರೂ ಬಿಚ್ಚಿ ಹೊಸದು ಹಾಕುವಂತೆ ಜೋಡಣೆ ಮಾಡಿದ. ಅವುಗಳಲ್ಲಿ ಕೊನೆಯದಾದ ಕಾಲೇಜ್ ವುಡ್ ಸೇತುವೆ 1934ರವರೆಗೂ ದುಡಿಯಿತು.

ಬ್ರೂನೆಲ್‌ನಿಂದ ನಾವು ಕದಿಯಬೇಕಾದ್ದು ಅದೇ ಉಪಾಯ. ಫೆವಿಕಾಲ್ ಗಟ್ಟಿ ನಿಜ. ನಾರಿನ ಉದ್ದಕ್ಕೆ ಮುಖಕ್ಕೆ ಮುಖ ಅಂಟಿಸಿ ಒಂದು ರಾತ್ರಿ ಒತ್ತಿಟ್ಟರೆ ಆಮೇಲೆ ಸೀಳುವುದು ಮರವೇ ಹೊರತು ಅಂಟಲ್ಲ. ಪಟ್ಟಿಯ ಕೊಯ್ದ ತುದಿಯಲ್ಲಿ ಮಾತ್ರ ಅದರ ಆಟ ನಡೆಯದು. ಅಲ್ಲಿ ನಾರಿನ ಬಾಯಿಗಳು ತೆರೆದಿರುತ್ತವೆ, ಅಂಟನ್ನು ಕುಡಿದುಬಿಡುತ್ತವೆ. ಆ ತುದಿಗೆ ಹೊಡೆದ ಮೊಳೆಯೂ ಅಷ್ಟೇ, ನಾರುಗಳ ನಡುವೆ ಜಾರಿ ಬರುತ್ತದೆ. ಅಡ್ಡತುಂಡಿಗೆ 5 ಮಿಲಿಮೀಟರಿನ ಕಚ್ಚು ಕೊಯ್ದು ಪಟ್ಟಿಯ ಅಂಚನ್ನು ಅದರಲ್ಲಿ ಕೂರಿಸಿ. ಆಗ ಪಟ್ಟಿ ನಿಂತೇ ಇರುತ್ತದೆ, ಮಗ್ಗುಲಿಗೆ ಹೊರಳುವುದಿಲ್ಲ. ಮೇಲಿಂದ ಸಣ್ಣ ಸ್ಕ್ರೂ, ಮೊದಲು ತೂತು ಕೊರೆದು. ಕೊರೆಯದೆ ಹಾಕಿದರೆ ಪೈನ್ ಸೀಳುತ್ತದೆ. ಒಂದು ತುಂಡು ಮುರಿದರೆ ಆ ಒಂದನ್ನು ಬದಲಿಸಬಹುದು. ಫೌಜಿ ಮನೆಗೆ ಇನ್ನೊಂದು ಲಾಭ: ವರ್ಗವಾದರೆ ಬಿಚ್ಚಿ ಕಟ್ಟಿಕೊಂಡು ಹೋಗಬಹುದು. ಅಂಚುಗಳನ್ನು ಮರಳುಕಾಗದದಿಂದ ಕೈಗೆ ನುಣುಪಾಗುವವರೆಗೆ ಉಜ್ಜಿ. ಚನ್ನಪಟ್ಟಣದವರು ಬೊಂಬೆಗೆ ಆಲೆಮರವನ್ನು ಹಿಡಿದದ್ದು ಅದು ಸಿಬಿರೇಳದೆ ನಯವಾಗಿ ತಿರುಗುತ್ತದೆ ಎಂದು. ಪೆಟ್ಟಿಗೆ ಮರಕ್ಕೆ ಆ ಗುಣವಿಲ್ಲ.

ಸೇತುವೆ ಆಯಿತು, ಅದರ ಮೇಲಕ್ಕೆ ರೈಲು ಹತ್ತುವುದು ಹೇಗೆ? ಕೆಳಗೆ ಇನ್ನೊಂದು ರೈಲು ನುಸುಳಬೇಕಾದರೆ ಹಳಿ ಕಡಿಮೆಯೆಂದರೂ 9 ಸೆಂಟಿಮೀಟರ್ ಏರಬೇಕು. ಥಲ್ ಘಾಟಿಯ ಅತಿ ಕಡಿದಾದ ಏರು 37ಕ್ಕೆ 1, ಅಂದರೆ 37 ಮೀಟರ್ ಹೋದರೆ 1 ಮೀಟರ್ ಏರು. ಅದೇ ಪ್ರಮಾಣ ಇಟ್ಟುಕೊಂಡರೆ ಸೇತುವೆಯ ಒಂದೊಂದು ಕಡೆಗೂ 333 ಸೆಂಟಿಮೀಟರ್ ದಾರಿ ಬೇಕು. ಎರಡೂ ಕಡೆ ಸೇರಿ, ಸೇತುವೆಯೂ ಸೇರಿ 7 ಮೀಟರ್ ಮೀರುತ್ತದೆ. ಕ್ವಾರ್ಟರ್ಸಿನ ಹಾಲ್ ಅಷ್ಟಿಲ್ಲ. ಅದನ್ನು 10ಕ್ಕೆ 1 ಮಾಡಿದರೆ ಒಂದೊಂದು ಕಡೆಗೆ 90 ಸೆಂಟಿಮೀಟರ್ ಸಾಕು, ಆದರೆ ಬೆಲೆ ತೆರಬೇಕು. 600 ಗ್ರಾಮಿನ ರೈಲನ್ನು ಆ ಏರಿನಲ್ಲಿ ಎಳೆಯಲು, ಉಜ್ಜಾಟ ಬಿಟ್ಟು, 60 ಗ್ರಾಂ ಬಲ ಬೇಕು. ಬ್ಯಾಟರಿ ಎಂಜಿನ್ನಿನ ತೂಕ 150 ಗ್ರಾಂ ಇದ್ದರೆ ಅದರ ಚಕ್ರಗಳಿಗೆ ಸಿಗುವ ಹಿಡಿತವೇ ಹೆಚ್ಚುಕಡಿಮೆ ಅಷ್ಟು. ಮೋಟರ್ ತಿರುಗುತ್ತದೆ, ಚಕ್ರ ಜಾರುತ್ತದೆ, ರೈಲು ನಿಂತಲ್ಲೇ ನಿಲ್ಲುತ್ತದೆ. ಚಕ್ರಕ್ಕೆ ರಬ್ಬರ್ ಬಳೆ ಹಾಕಿ, ಇಲ್ಲವೇ ಎಂಜಿನ್ನಿನ ಬೆನ್ನಿಗೆ ಭಾರ ಕಟ್ಟಿ, ಇಲ್ಲವೇ ಡಬ್ಬಿಯ ಕಡಲೆಬೀಜ ತಿಂದು ಖಾಲಿ ಮಾಡಿ.

ಕಸಾರಾದಲ್ಲಿ ರೈಲ್ವೆಯವರು ಮಾಡುವುದು ನಾಲ್ಕನೆಯ ಉಪಾಯ. ಅಲ್ಲಿಂದ ಇಗತ್‌ಪುರಿಗೆ 15 ಕಿಲೋಮೀಟರಿನಷ್ಟು ದೂರದಲ್ಲಿ ದಾರಿ ಸುಮಾರು 300 ಮೀಟರ್ ಏರುತ್ತದೆ. 1,000 ಟನ್ನಿನ ರೈಲಿಗೆ 37ಕ್ಕೆ 1ರ ಏರಿನಲ್ಲಿ ಏರಿಗೆಂದೇ 27 ಟನ್ ಬಲ ಬೇಕು. ಹಾಗಾಗಿ ಹಿಂದಿನಿಂದ ಬ್ಯಾಂಕರ್ ಎಂಜಿನ್‌ಗಳನ್ನು ಕಟ್ಟಿ ತಳ್ಳುತ್ತಾರೆ. ಹೆಚ್ಚಿನ ಎಂಜಿನ್ನನ್ನು ಮುಂದೆಯೇ ಕಟ್ಟಬಹುದಿತ್ತಲ್ಲ? ಮುಂದೆ ಕಟ್ಟಿದರೆ ಇಡೀ ರೈಲಿನ ಎಳೆತ ಮೊದಲ ಡಬ್ಬಿಯ ಕೊಂಡಿಯ ಮೇಲೆ ಬೀಳುತ್ತದೆ. ಹಿಂದಿನಿಂದ ತಳ್ಳಿದರೆ ಕೊಂಡಿಗಳಿಗೆ ಬಿಡುವು, ಎಲ್ಲಾದರೂ ಕೊಂಡಿ ಕಳಚಿದರೂ ಡಬ್ಬಿಗಳು ಘಾಟಿಯಲ್ಲಿ ಹಿಂದಕ್ಕೆ ಉರುಳದಂತೆ ಕಾವಲು. ಆಟದ ಡಬ್ಬಿಗಳನ್ನು ಹಿಡಿದಿಡುವ ಅಯಸ್ಕಾಂತಗಳು ಏರಿನಲ್ಲಿ ಬಿಟ್ಟುಕೊಳ್ಳುವುದನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಏರು ಮುಗಿದು ಸೇತುವೆ ಶುರುವಾಗುವ ಸಂದಿಯನ್ನು ಕೋನ ಉಳಿಯದಂತೆ ಸ್ವಲ್ಪ ಉರುಟಾಗಿ ಕೀಸಿಬಿಡಿ. ಕೊಂಡಿ ಕಳಚುವುದು ಬಹಳ ಸಲ ಅಲ್ಲೇ.

ಕೊನೆಗೆ, ಸೇತುವೆಯ ಎರಡೂ ತುದಿಗಳನ್ನು ಕಂಬಕ್ಕೆ ಬಿಗಿಯಬೇಡಿ. ಒಂದು ತುದಿಗೆ ಸ್ಕ್ರೂ ಇರಲಿ, ಇನ್ನೊಂದು ತುದಿ ಕಂಬದ ಮೇಲೆ ಕೊಯ್ದ ಕಚ್ಚಿನಲ್ಲಿ ಸುಮ್ಮನೆ ಕೂತಿರಲಿ. ದೊಡ್ಡ ಉಕ್ಕಿನ ಸೇತುವೆಗಳಲ್ಲಿ ಒಂದು ತುದಿಗೆ ರೋಲರ್ ಇಡುವುದು ಬಿಸಿಲಿಗೆ ಉಕ್ಕು ಹಿಗ್ಗುತ್ತದೆಂದು. ಮರ ಉದ್ದಕ್ಕೆ ಹಿಗ್ಗುವುದು ನಗಣ್ಯ, ಅಗಲಕ್ಕೆ ಮಾತ್ರ ಮಳೆಗಾಲದಲ್ಲಿ ಚೆನ್ನಾಗಿಯೇ ಉಬ್ಬುತ್ತದೆ. ಆದ್ದರಿಂದ ಕಚ್ಚಿನ ಅಗಲದಲ್ಲಿ ಒಂದು ಕಾರ್ಡಿನ ದಪ್ಪದಷ್ಟು ಜಾಗ ಬಿಡಿ. ನಮ್ಮಲ್ಲಿ ಸಡಿಲ ತುದಿಯ ಮುಖ್ಯ ಉಪಯೋಗ ಬೇರೆಯೇ. ಹುಡುಗ ಎಡವಿದಾಗ ಕಂಬದ ಜೊತೆ ಸೇತುವೆ ಹೆಣಗಾಡದೆ ಕಚ್ಚಿನಿಂದ ಎದ್ದು ಪಕ್ಕಕ್ಕೆ ಬೀಳುತ್ತದೆ, ಏನೂ ಮುರಿಯುವುದಿಲ್ಲ, ಅವನೇ ಎತ್ತಿ ಮತ್ತೆ ಕೂರಿಸಿಕೊಳ್ಳುತ್ತಾನೆ.